ವಂಶವಾಹಿ ಸಿಕ್ಕಿದಲ್ಲಿಗೆ ಲೇಖನ ಮುಗಿಯುವುದಿಲ್ಲ: ಒಂದು ಹಸ್ತಪ್ರತಿಗೆ ಸಂಪಾದಕರ ಉತ್ತರ

ಆತ್ಮೀಯರೇ,

ಮಿದುಳಿನ ನರಕೋಶಗಳನ್ನು ಕ್ರಮೇಣ ನಾಶಮಾಡುವ, ವಂಶಪಾರಂಪರ್ಯವಾಗಿ ಬರುವ ಹಂಟಿಂಗ್ಟನ್ ಕಾಯಿಲೆಯ ಸಂಶೋಧನೆಯನ್ನು ಕುರಿತು ನೀವು ಕಳುಹಿಸಿದ ‘ರಕ್ತದಲ್ಲಿ ಬರೆದ ವಿಧಿ’ ಎಂಬ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಪುಟ ಹೊಗಳಿ ಆಮೇಲೆ ‘ಆದರೆ’ ಎಂದು ಶುರುಮಾಡುವ ಪತ್ರಗಳಿಂದ ಯಾರಿಗೂ ಉಪಕಾರವಾಗುವುದಿಲ್ಲ. ತಿದ್ದಿ ಬರೆದರೆ ಮತ್ತೆ ಓದುವ ಆಸಕ್ತಿ ನನಗಿದೆ. ನಿಮ್ಮ ವಾಕ್ಯಗಳಿಗೆ ಓಟವಿದೆ, ಕಷ್ಟದ ವಿಷಯವನ್ನು ಎತ್ತಿಕೊಳ್ಳುವ ಧೈರ್ಯವೂ ಇದೆ. ಕೊರತೆಯಿರುವುದು ಎಲ್ಲಿಗೆ ನಿಲ್ಲಬೇಕೆಂಬ ನಿರ್ಧಾರದಲ್ಲಿ.

ಲೇಖನದ ಮುಕ್ಕಾಲು ಪಾಲು ವಂಶವಾಹಿಯ ಹುಡುಕಾಟಕ್ಕೆ ಮೀಸಲಾಗಿದೆ. 1993ಕ್ಕೆ ಬಂದು ‘ಹೀಗೆ ರೋಗದ ಮೂಲ ಪತ್ತೆಯಾಯಿತು, ಚಿಕಿತ್ಸೆ ಇನ್ನು ದೂರವಿಲ್ಲ’ ಎಂಬ ಸಾಲಿನೊಂದಿಗೆ ನೀವು ಕೈಮುಗಿದಿದ್ದೀರಿ. ಆ ಸಾಲನ್ನು 1993ರಲ್ಲಿಯೇ ಬರೆದಿದ್ದರೆ ಅದೊಂದು ಆಶಯವೆಂದು ಒಪ್ಪಬಹುದಿತ್ತು. ಇಂದು ಬರೆಯುವವರು ಅಲ್ಲಿಂದೀಚೆಗಿನ ಮೂರು ದಶಕಗಳಿಗೆ ಉತ್ತರ ಹೇಳಬೇಕಾಗುತ್ತದೆ. ಹುಟ್ಟುವಾಗಲೇ ದೇಹದ ಪ್ರತಿ ಕೋಶದಲ್ಲೂ ಇರುವ ದೋಷವೊಂದು ಮೂವತ್ತು ನಲವತ್ತು ವರ್ಷ ಸುಮ್ಮನಿದ್ದು, ಆಮೇಲೆ ಮಿದುಳಿನ ಒಳಭಾಗದ ಸ್ಟ್ರಯೇಟಮ್ ಎಂಬ ಜಾಗದ ಕೆಲವು ನರಕೋಶಗಳನ್ನೇ ಮೊದಲು ಏಕೆ ಹಿಡಿಯುತ್ತದೆ? ಈ ಪ್ರಶ್ನೆ ನಿಮ್ಮ ಲೇಖನದಲ್ಲಿ ಒಮ್ಮೆಯೂ ಎದುರಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಲೇಖನದ ವಿಷಯವೇ ಅದು.

ಇತಿಹಾಸವನ್ನು ತೆಗೆದುಹಾಕಿ ಎನ್ನುತ್ತಿಲ್ಲ, ಕುಗ್ಗಿಸಿ ಎನ್ನುತ್ತಿದ್ದೇನೆ. 1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಈ ಕಾಯಿಲೆಯನ್ನು ವಿವರಿಸಿದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅಷ್ಟು ಎಳೆಯ ವೈದ್ಯರೊಬ್ಬರಿಗೆ ರೋಗವು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆ ಸ್ಪಷ್ಟವಾಗಿ ಕಂಡದ್ದು, ಅವರ ತಂದೆ ಮತ್ತು ಅಜ್ಜ ಇಬ್ಬರೂ ಲಾಂಗ್ ಐಲೆಂಡಿನಲ್ಲಿ ಅವೇ ಕುಟುಂಬಗಳಿಗೆ ಚಿಕಿತ್ಸೆ ಕೊಟ್ಟಿದ್ದರಿಂದ. ಇದನ್ನು ನೀವು ಬಿಟ್ಟು, ಅವರ ‘ಅಸಾಮಾನ್ಯ ಪ್ರತಿಭೆ’ಯನ್ನು ಒಂದು ಪ್ಯಾರಾ ಕೊಂಡಾಡಿದ್ದೀರಿ. ವೆನೆಜುವೆಲಾದ ಮಾರಕೈಬೊ ಸರೋವರದ ದಡದ ಹಳ್ಳಿಗಳ ಭಾಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿನ ಬಡತನದ ವರ್ಣನೆ ದೀರ್ಘವಾಗಿದೆ, ಆದರೆ ಈ ಕಾಯಿಲೆಯ ಸಂಶೋಧಕಿ ನ್ಯಾನ್ಸಿ ವೆಕ್ಸ್ಲರ್ ಮತ್ತು ಅವರ ಸಂಗಡಿಗರು ಅಷ್ಟು ದೂರ ಹೋಗಿದ್ದೇಕೆ ಎಂಬ ಕಾರಣ ಎಲ್ಲಿಯೂ ಇಲ್ಲ. ಡಿಎನ್‌ಎಯ ಯಾವ ಗುರುತು ರೋಗದ ಜೊತೆಜೊತೆಗೇ ಮಕ್ಕಳಿಗೆ ಇಳಿಯುತ್ತದೆ ಎಂದು ತಿಳಿಯಬೇಕಾದರೆ ಹಲವು ತಲೆಮಾರುಗಳ, ಬಹಳ ಮಂದಿಯಿರುವ ಕುಟುಂಬಗಳು ಬೇಕು, ಅವು ಅಲ್ಲಿದ್ದವು. ‘1983ರಲ್ಲಿ ವಂಶವಾಹಿಯನ್ನು ಕಂಡುಹಿಡಿಯಲಾಯಿತು’ ಎಂದು ನೀವು ಬರೆದದ್ದು ತಪ್ಪು. ಆ ವರ್ಷ ಸಿಕ್ಕಿದ್ದು ನಾಲ್ಕನೇ ಕ್ರೋಮೊಸೋಮಿನಲ್ಲಿ ಅದರ ಅಕ್ಕಪಕ್ಕದ ಒಂದು ಗುರುತು ಮಾತ್ರ; ವಂಶವಾಹಿಯನ್ನೇ ಮುಟ್ಟಲು ಹಲವು ಪ್ರಯೋಗಾಲಯಗಳು ಕೂಡಿ ಮತ್ತೆ ಹತ್ತು ವರ್ಷ ದುಡಿದವು. ಮುಂದೆ ಎರಡೇ ಪುಟಗಳಲ್ಲಿ ನೀವೇ 1993 ಎಂದು ಬರೆದಿದ್ದೀರಿ. ಓದುಗರು ಇಂಥದ್ದನ್ನು ಗಮನಿಸುತ್ತಾರೆ.

‘ತಂದೆಗೆ ರೋಗವಿದ್ದರೆ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ’ ಎಂಬ ವಾಕ್ಯವನ್ನು ಯಾವ ಕಾರಣಕ್ಕೂ ಹಾಗೆಯೇ ಬಿಡಬೇಡಿ. ಪ್ರತಿ ಮಗುವಿಗೂ ಬೇರೆಬೇರೆಯಾಗಿ ಶೇಕಡಾ 50ರ ಸಾಧ್ಯತೆ ಇರುತ್ತದೆ. ನಾಲ್ವರು ಮಕ್ಕಳಿದ್ದರೆ ನಾಲ್ವರಿಗೂ ಬರಬಹುದು, ಒಬ್ಬರಿಗೂ ಬಾರದಿರಬಹುದು. ನಿಮ್ಮ ವಾಕ್ಯವನ್ನು ನಂಬಿದ ಕುಟುಂಬದಲ್ಲಿ ಅಣ್ಣನಿಗೆ ರೋಗ ಬಂದ ಕೂಡಲೇ ತಂಗಿ ತಾನು ಪಾರಾದೆನೆಂದು ತಿಳಿದುಕೊಳ್ಳುತ್ತಾಳೆ. ತಾಯಿಯಿಂದಲೂ ಇದು ಬರುತ್ತದೆ ಎಂಬುದನ್ನೂ ಸೇರಿಸಿ. ಆದರೆ ತಂದೆಯಿಂದ ಬಂದಾಗ ಮುಂದಿನ ತಲೆಮಾರಿನಲ್ಲಿ ದೋಷದ ಉದ್ದ ಹಿಗ್ಗುವ ಸಂಭವ ಹೆಚ್ಚು.

ಆ ಉದ್ದದ ವಿಚಾರವನ್ನು ನೀವು ‘ವಂಶವಾಹಿ ಹಾಳಾಗಿರುತ್ತದೆ’ ಎಂಬ ಎರಡು ಪದಗಳಲ್ಲಿ ಮುಗಿಸಿದ್ದೀರಿ. ಹಾಳಾಗುವುದೆಂದರೆ ಏನು? ಹಂಟಿಂಗ್ಟಿನ್ ಎಂಬ ಪ್ರೋಟೀನಿನ ವಂಶವಾಹಿಯ ಆರಂಭದ ಭಾಗದಲ್ಲಿ ಸಿ-ಎ-ಜಿ ಎಂಬ ಡಿಎನ್‌ಎಯ ಮೂರು ಅಕ್ಷರಗಳು ಸಾಲಾಗಿ ಪುನರಾವರ್ತನೆಯಾಗುತ್ತವೆ. 26 ಅಥವಾ ಅದಕ್ಕಿಂತ ಕಡಿಮೆ ಬಾರಿ ಇದ್ದರೆ ಸಾಮಾನ್ಯ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆಯುಷ್ಯ ಸಾಕಷ್ಟಿದ್ದಲ್ಲಿ, ರೋಗ ಬಂದೇ ಬರುತ್ತದೆ. 36ರಿಂದ 39ರ ನಡುವೆ ಬರಬಹುದು, ಬಾರದೆಯೂ ಇರಬಹುದು. 27ರಿಂದ 35ರವರೆಗಿನವರಿಗೆ ಸಾಮಾನ್ಯವಾಗಿ ರೋಗ ಬರುವುದಿಲ್ಲ, ಆದರೆ ಅವರ ಮಕ್ಕಳಲ್ಲಿ ಸಂಖ್ಯೆ ಬೆಳೆಯುವ ಸಾಧ್ಯತೆ ಇರುತ್ತದೆ. ಇಷ್ಟನ್ನು ಹೇಳಿದರೆ ‘ವಿಧಿ’ ಎಂಬ ನಿಮ್ಮ ಶೀರ್ಷಿಕೆ ತಾನಾಗಿಯೇ ಸಡಿಲಗೊಳ್ಳುತ್ತದೆ. ರೋಗ ಯಾವ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದರಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗವನ್ನಷ್ಟೇ ಈ ಸಂಖ್ಯೆ ವಿವರಿಸುತ್ತದೆ. ಒಂದೇ ಸಂಖ್ಯೆಯಿರುವ ಇಬ್ಬರಲ್ಲಿ ರೋಗ ಶುರುವಾಗುವ ವಯಸ್ಸಿನ ಅಂತರ ಒಂದು ದಶಕವನ್ನು ಮೀರಬಹುದು.

ಉಳಿದ ಭಾಗ ಎಲ್ಲಿದೆ ಎಂಬ ಹುಡುಕಾಟದಿಂದಲೇ ಈ ಕ್ಷೇತ್ರದ ಅತ್ಯಂತ ಕುತೂಹಲಕರ ಅಧ್ಯಾಯ ತೆರೆದುಕೊಂಡಿತು. ನೀವು ‘ಪ್ರೋಟೀನಿನ ಗಂಟುಗಳು ನರಕೋಶಗಳನ್ನು ಕೊಲ್ಲುತ್ತವೆ’ ಎಂದು ಇತ್ಯರ್ಥವಾದ ಸಂಗತಿಯಂತೆ ಬರೆದಿದ್ದೀರಿ. ಸಿ-ಎ-ಜಿ ಎಂದರೆ ಗ್ಲುಟಮಿನ್ ಎಂಬ ಅಮೈನೋ ಆಮ್ಲಕ್ಕೆ ಸಂಕೇತ. ಪುನರಾವರ್ತನೆ ಹೆಚ್ಚಿದಷ್ಟೂ ಪ್ರೋಟೀನಿನಲ್ಲಿ ಗ್ಲುಟಮಿನ್ ಸರಪಳಿ ಉದ್ದವಾಗುತ್ತದೆ, ಅದು ಮುದ್ದೆಗಟ್ಟುತ್ತದೆ. 1997ರಲ್ಲಿ ಇಂಥ ಗಂಟುಗಳು ಇಲಿಗಳ ಮಿದುಳಿನಲ್ಲೂ ಮನುಷ್ಯರ ಮಿದುಳಿನಲ್ಲೂ ಕಂಡುಬಂದಾಗ ಅಪರಾಧಿ ಸಿಕ್ಕಿಬಿದ್ದನೆಂದು ಹಲವರು ಭಾವಿಸಿದ್ದು ಸಹಜ. ಆದರೆ 2004ರಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳನ್ನು ಒಂದೊಂದಾಗಿ ದಿನಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದ ಪ್ರಯೋಗವೊಂದರಲ್ಲಿ, ಗಂಟು ಕಟ್ಟಿಕೊಂಡ ಕೋಶಗಳೇ ಹೆಚ್ಚು ಕಾಲ ಬದುಕಿದವು. ಕರಗಿದ ರೂಪದ ಪ್ರೋಟೀನನ್ನು ಒಂದೆಡೆ ಕೂಡಿಹಾಕುವುದು ಕೋಶದ ಆತ್ಮರಕ್ಷಣೆಯ ಉಪಾಯವಿರಬಹುದೆಂಬ ವಾದಕ್ಕೆ ಅದು ಬಲ ಕೊಟ್ಟಿತು. ಸತ್ತ ಕೋಶದ ಬಳಿ ಕಂಡದ್ದೆಲ್ಲ ಸಾವಿಗೆ ಕಾರಣವಲ್ಲ ಎಂಬ ಎಚ್ಚರ ವಿಜ್ಞಾನ ಬರೆಯುವವರಿಗೆ ಪತ್ತೇದಾರಿ ಕಾದಂಬರಿ ಬರೆಯುವವರಿಗಿಂತ ಹೆಚ್ಚಾಗಿ ಬೇಕು.

ಇದಕ್ಕಿಂತ ದೊಡ್ಡ ತಿರುವು 2019ರಲ್ಲಿ ಬಂದಿತು. ರೋಗವಿದ್ದ 9,000ಕ್ಕೂ ಹೆಚ್ಚು ಜನರ ಡಿಎನ್‌ಎಯನ್ನು ಹೋಲಿಸಿದ ಅಧ್ಯಯನ ಒಂದು ಸಣ್ಣ ವ್ಯತ್ಯಾಸವನ್ನು ಬಳಸಿಕೊಂಡಿತು. ಸಿ-ಎ-ಎ ಎಂಬ ಮೂರಕ್ಷರವೂ ಗ್ಲುಟಮಿನ್‌ಗೇ ಸಂಕೇತ. ಹೆಚ್ಚಿನವರಲ್ಲಿ ಸಿ-ಎ-ಜಿ ಸಾಲಿನ ಕೊನೆಯ ಹತ್ತಿರ ಇಂಥದ್ದೊಂದು ಅಡ್ಡಬಂದಿರುತ್ತದೆ, ಕೆಲವರಲ್ಲಿ ಇರುವುದಿಲ್ಲ. ಪ್ರೋಟೀನಿನ ದೃಷ್ಟಿಯಿಂದ ಇಬ್ಬರಿಗೂ ಏನೂ ಭೇದವಿಲ್ಲ. ಆದರೂ ಅಡ್ಡಿಯಿಲ್ಲದ ಸಾಲು ಉಳ್ಳವರಿಗೆ ರೋಗ ಬೇಗ ಬಂದಿತ್ತು. ಅಂದರೆ ರೋಗ ಯಾವಾಗ ಶುರುವಾಗಬೇಕೆಂಬುದನ್ನು ನಿರ್ಧರಿಸುತ್ತಿರುವುದು ಗ್ಲುಟಮಿನ್ ಸರಪಳಿಯ ಉದ್ದಕ್ಕಿಂತ ಡಿಎನ್‌ಎಯಲ್ಲಿನ ಅಖಂಡ ಸಾಲಿನ ಉದ್ದ. ಅದೇ ಹೋಲಿಕೆಯಲ್ಲಿ ಎದ್ದುಕಂಡ ಇತರ ವಂಶವಾಹಿಗಳು ಬಹುಮಟ್ಟಿಗೆ ಡಿಎನ್‌ಎ ದುರಸ್ತಿಗೆ ಸಂಬಂಧಿಸಿದವು, ಎಂಎಸ್‌ಎಚ್3, ಎಂಎಲ್‌ಎಚ್1, ಎಫ್‌ಎಎನ್1 ಮುಂತಾದವು. ಪುನರಾವರ್ತನೆಯ ಜಾಗದಲ್ಲಿ ಡಿಎನ್‌ಎ ಎಳೆ ಕುಣಿಕೆಯಂತೆ ಹೊರಚಾಚಿದಾಗ ಅದನ್ನು ಸರಿಪಡಿಸಲು ಬರುವ ಈ ವ್ಯವಸ್ಥೆ, ಸರಿಪಡಿಸುವ ಭರದಲ್ಲಿ ಒಂದೆರಡು ಸಿ-ಎ-ಜಿಗಳನ್ನು ಹೆಚ್ಚಿಗೆ ಸೇರಿಸಿಬಿಡುತ್ತದೆ. ಹುಟ್ಟುವಾಗ 42 ಇದ್ದ ಸಂಖ್ಯೆ ರಕ್ತದ ಕೋಶಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದರೂ ಸ್ಟ್ರಯೇಟಮಿನ ನರಕೋಶಗಳಲ್ಲಿ ಜೀವಮಾನವಿಡೀ ಏರುತ್ತ ಹೋಗುತ್ತದೆ.

2025ರ ಆರಂಭದಲ್ಲಿ ಪ್ರಕಟವಾದ ಕೆಲಸವೊಂದು, ಮರಣಾನಂತರ ದಾನವಾಗಿ ಬಂದ ಮಿದುಳುಗಳ ಕೋಶಗಳನ್ನು ಒಂದೊಂದಾಗಿ ಓದಿ, ಪ್ರತಿ ಕೋಶದಲ್ಲಿ ಎಷ್ಟು ಸಿ-ಎ-ಜಿ ಇದೆ ಮತ್ತು ಅದೇ ಕೋಶದ ಉಳಿದ ವಂಶವಾಹಿಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂಬುದನ್ನು ಒಟ್ಟಿಗೆ ಅಳೆಯಿತು. ಸಂಖ್ಯೆ ಸುಮಾರು 150 ದಾಟುವವರೆಗೆ ಗುರುತಿಸಬಹುದಾದ ಏರುಪೇರು ಕಾಣಲಿಲ್ಲ. ದಾಟಿದ ಮೇಲೆ ಕೋಶ ತಾನು ಯಾವ ಬಗೆಯ ನರಕೋಶವೆಂಬ ಗುರುತನ್ನೇ ಕಳೆದುಕೊಳ್ಳತೊಡಗಿತ್ತು. ನೀವು ಬಿಟ್ಟುಬಿಟ್ಟ ಪ್ರಶ್ನೆಗೆ, ಆ ದೀರ್ಘ ಮೌನಕ್ಕೆ, ಇದುವರೆಗೆ ದೊರೆತಿರುವ ಅತ್ಯಂತ ನೇರವಾದ ಉತ್ತರ ಇದೆಂದು ನನಗೆ ತೋರುತ್ತದೆ. ಇದನ್ನು ಬರೆಯುವಾಗ ಒಂದು ಮಿತಿಯನ್ನೂ ಹೇಳಿ: ಒಂದು ಮಿದುಳನ್ನು ಹೀಗೆ ಒಮ್ಮೆ ಮಾತ್ರ, ಅದೂ ಸಾವಿನ ನಂತರ ನೋಡಲು ಸಾಧ್ಯ. ಆದ್ದರಿಂದ ‘ದಶಕಗಳ ಕಾಲ ನಿಧಾನವಾಗಿ, ಆಮೇಲೆ ವೇಗವಾಗಿ’ ಎಂಬ ಕಾಲಕ್ರಮವು ಬೇರೆಬೇರೆ ಕೋಶಗಳ ಸ್ಥಿತಿಯನ್ನು ನೋಡಿ ಲೆಕ್ಕಹಾಕಿದ್ದು, ಕಣ್ಣಾರೆ ಕಂಡದ್ದಲ್ಲ.

ಚಿಕಿತ್ಸೆಯ ಭಾಗವನ್ನು ಪೂರ್ತಿಯಾಗಿ ಹೊಸದಾಗಿ ಬರೆಯಬೇಕಾಗುತ್ತದೆ. ಹಂಟಿಂಗ್ಟಿನ್ ಪ್ರಮಾಣವನ್ನು ತಗ್ಗಿಸಲು ಬೆನ್ನುಹುರಿಯ ದ್ರವಕ್ಕೆ ಕೊಡುತ್ತಿದ್ದ ಟೋಮಿನೆರ್ಸನ್ ಔಷಧದ ದೊಡ್ಡ ಪ್ರಯೋಗದಲ್ಲಿ 2021ರ ಮಾರ್ಚ್‌ನಲ್ಲಿ ಔಷಧ ಕೊಡುವುದನ್ನು ನಿಲ್ಲಿಸಲಾಯಿತು. ಹೆಚ್ಚು ಬಾರಿ ಔಷಧ ಪಡೆದ ಗುಂಪಿನವರ ಸ್ಥಿತಿ ಹುಸಿಮದ್ದು ಪಡೆದವರಿಗಿಂತ ಕೆಟ್ಟದಾಗಿತ್ತು. ಆ ಔಷಧ ದೋಷಪೂರಿತ ಪ್ರೋಟೀನನ್ನೂ ಸರಿಯಾದದ್ದನ್ನೂ ಭೇದವಿಲ್ಲದೆ ತಗ್ಗಿಸುತ್ತಿತ್ತು ಎಂಬುದನ್ನು ಬರೆಯಿರಿ, ಆದರೆ ಸೋಲಿಗೆ ಅದೇ ಕಾರಣವೆಂದು ತೀರ್ಪು ಕೊಡಬೇಡಿ. ಇದೇ ಬಗೆಯ ಇನ್ನೊಂದು ಔಷಧ ಟೋಫರ್ಸನ್, ಚಲನೆಯನ್ನು ನಿಯಂತ್ರಿಸುವ ನರಕೋಶಗಳು ನಶಿಸುವ ಎಎಲ್‌ಎಸ್ ಕಾಯಿಲೆಯ ರೋಗಿಗಳಲ್ಲಿ ಎಸ್‌ಒಡಿ1 ವಂಶವಾಹಿಯ ದೋಷವಿರುವ ಸುಮಾರು ಶೇಕಡಾ 2ರಷ್ಟು ಜನರಿಗಾಗಿ, 2023ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರ ಮುಖ್ಯ ಪ್ರಯೋಗ ತನ್ನ ಪ್ರಧಾನ ಗುರಿಯನ್ನು ಮುಟ್ಟಿರಲಿಲ್ಲ. ನರಕೋಶದ ಹಾನಿಯನ್ನು ಸೂಚಿಸುವ ನ್ಯೂರೋಫಿಲಮೆಂಟ್ ರಕ್ತದಲ್ಲಿ ಇಳಿದದ್ದು ಒಪ್ಪಿಗೆಗೆ ಆಧಾರವಾಯಿತು. ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ‘ಪವಾಡ’ ಎಂಬ ಪದ ನಿಮಗೆ ಬೇಕಾಗುವುದಿಲ್ಲ.

ಅಲ್ಜೈಮರ್ ಕುರಿತ ಕೊನೆಯ ಚೌಕಟ್ಟನ್ನು ಕೈಬಿಡಿ. ಒಂದೇ ವಂಶವಾಹಿಯ ದೋಷದಿಂದ ನೇರವಾಗಿ ಇಳಿದುಬರುವ ಅಲ್ಜೈಮರ್ ತೀರಾ ವಿರಳ. ಎಪಿಒಇ4 ಎಂಬ ವಂಶವಾಹಿ ರೂಪವು ಅಪಾಯವನ್ನು ಹೆಚ್ಚಿಸುತ್ತದೆಯೇ ಹೊರತು ರೋಗವನ್ನು ಖಚಿತಗೊಳಿಸುವುದಿಲ್ಲ. ಎರಡನ್ನೂ ‘ವಂಶಪಾರಂಪರ್ಯ’ ಎಂಬ ಒಂದೇ ಸಾಲಿನಲ್ಲಿ ತುರುಕಿ, ಮರೆವಿನ ಕಾಯಿಲೆಯಿದ್ದ ಅಜ್ಜಿಯ ಮೊಮ್ಮಕ್ಕಳನ್ನೆಲ್ಲ ನೀವು ಹೆದರಿಸಿದ್ದೀರಿ.

ಪರೀಕ್ಷೆಯ ವಿಷಯದಲ್ಲಿ ‘ಅಪಾಯದಲ್ಲಿರುವ ಪ್ರತಿಯೊಬ್ಬರೂ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು’ ಎಂಬ ನಿಮ್ಮ ಕರೆಯನ್ನು ನಾನು ಮುದ್ರಿಸುವುದಿಲ್ಲ. ನೇರ ಪರೀಕ್ಷೆ ದೊರೆಯತೊಡಗಿ ಇಷ್ಟು ವರ್ಷಗಳಾದರೂ, ತಂದೆ ಅಥವಾ ತಾಯಿಗೆ ಈ ರೋಗವಿರುವ ಬಹುಪಾಲು ಜನ ತಿಳಿದುಕೊಳ್ಳದಿರುವುದನ್ನೇ ಆರಿಸಿಕೊಂಡಿದ್ದಾರೆ. ಆಪ್ತಸಮಾಲೋಚನೆಯಿಲ್ಲದೆ ಪರೀಕ್ಷೆ ಮಾಡಬಾರದು, ಲಕ್ಷಣಗಳಿಲ್ಲದ ಮಕ್ಕಳಿಗೆ ಮಾಡಲೇಬಾರದು ಎಂಬುದು ವೈದ್ಯಲೋಕ ಒಪ್ಪಿಕೊಂಡಿರುವ ನಡೆ. ಈ ಭಾಗವನ್ನು ಬರೆಯುವ ಮೊದಲು ಒಬ್ಬ ವಂಶವಾಹಿ ಆಪ್ತಸಮಾಲೋಚಕರೊಡನೆ ಮಾತನಾಡಿ, ಮತ್ತು ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಉಳಿಸಿ.

ಹೊಸ ಪ್ರತಿ ಈಗಿನದಕ್ಕಿಂತ ಉದ್ದವಾಗುವುದು ಬೇಡ. ಸರೋವರದ ವರ್ಣನೆಯಿಂದ ಉಳಿಯುವ ಜಾಗ ಸಿ-ಎ-ಜಿ ಮತ್ತು ಡಿಎನ್‌ಎ ದುರಸ್ತಿಯ ಭಾಗಕ್ಕೆ ಸಾಕಾಗುತ್ತದೆ. ಆ ಭಾಗಕ್ಕೆ ಒಂದು ಸರಳ ರೇಖಾಚಿತ್ರವನ್ನು ನೀವೇ ಕೈಯಲ್ಲಿ ಬರೆದು ಕಳುಹಿಸಿದರೆ ನಮ್ಮ ಕಲಾವಿದರು ತಿದ್ದಿಕೊಡುತ್ತಾರೆ. ಶೀರ್ಷಿಕೆಯನ್ನು ಕೊನೆಯಲ್ಲಿ ನೋಡೋಣ.

ವಿಶ್ವಾಸದಿಂದ,
ಸಂಪಾದಕ