ಪ್ಯಾಕೆಟ್ ಮೇಲೆ ಐರನ್ ಇದೆಯಲ್ಲ ಮೇಡಂ?

ಹೊಟ್ಟೆ ತುಂಬ ತಿಂತಾರೆ, ಆದರೂ ರಕ್ತ ಕಡಿಮೆ. ನಾನು ಡಯಟಿಷಿಯನ್. ಇಂಥ ಹುಡುಗಿಯರು ಈಚೆಗೆ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಅದಕ್ಕೇ ಒಬ್ಬಳ ವಿಷಯ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ.

ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್, ಪಿಜಿಯಲ್ಲಿ ವಾಸ. ತೂಕ ಸರಿಯಾಗೇ ಇತ್ತು. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು, ಕ್ಲಾಸಿನಲ್ಲಿ ತೂಕಡಿಕೆ. ಹಿಮೋಗ್ಲೋಬಿನ್ 9.2, ಅಂದರೆ ರಕ್ತ ಕಡಿಮೆ. ಡಾಕ್ಟರು ಐರನ್ ಮಾತ್ರೆ ಬರೆದು, ಊಟದ ಬಗ್ಗೆ ಮಾತಾಡಲು ನನ್ನ ಹತ್ತಿರ ಕಳಿಸಿದ್ದರು.

ಹಿಂದಿನ ದಿನ ತಿಂದದ್ದನ್ನೆಲ್ಲ ಬರೆಸಿದೆ. ಬೆಳಿಗ್ಗೆ ಕ್ರೀಂ ಬಿಸ್ಕತ್ತು, ಟೀ. ಮಧ್ಯಾಹ್ನ ಚಿಪ್ಸ್, ಪ್ಯಾಕೆಟ್ ಜ್ಯೂಸ್. ರಾತ್ರಿ ಕೆಟಲಿನಲ್ಲಿ ಬೇಯಿಸಿದ ನೂಡಲ್ಸ್, ಮತ್ತೆ ಟೀ. ಬರೆದು ಮುಗಿಸಿದವಳು ಬ್ಯಾಗಿನಿಂದ ನೂಡಲ್ಸ್ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟಳು. "ಇದರಲ್ಲಿ ಐರನ್ ಇದೆ ಅಂತ ಬರೆದಿದ್ದಾರಲ್ಲ ಮೇಡಂ. ಮತ್ತೆ ನನಗೆ ಯಾಕೆ ಕಡಿಮೆ?"

ಒಳ್ಳೆಯ ಪ್ರಶ್ನೆ. ಬರೆದದ್ದು ಸುಳ್ಳೂ ಅಲ್ಲ. ಪ್ಯಾಕೆಟ್ ತಿರುಗಿಸಿ ಇಬ್ಬರೂ ಓದಿದೆವು: ಮೈದಾ, ಪಾಮ್ ಎಣ್ಣೆ, ಉಪ್ಪು. ಮೈದಾ ಮಾಡುವಾಗ ಗೋಧಿಯ ತೌಡು, ಮೊಳಕೆಯ ಭಾಗ ಎರಡೂ ಹೋಗುತ್ತವೆ. ಐರನ್, ಜಿಂಕ್, ಮೆಗ್ನೀಸಿಯಮ್, ಬಿ ವಿಟಮಿನ್‌ಗಳು ಹೆಚ್ಚಾಗಿ ಇರುವುದೇ ಅಲ್ಲಿ. ಆಮೇಲೆ ಒಂದೆರಡನ್ನು ಮಾತ್ರ ಸೇರಿಸುತ್ತಾರೆ. ಪರ್ಸ್ ಕದ್ದವನು ಬಸ್ ಚಾರ್ಜ್ ಕೊಟ್ಟು ಕಳಿಸಿದ ಹಾಗೆ! ಆ ಸೇರಿಸಿದ ಐರನ್ನನ್ನೂ ಮೈ ಹೀರಿಕೊಳ್ಳದಂತೆ ಟೀ ತಡೆಯುತ್ತದೆ. ಐರನ್ ಹೀರಲು ಸಹಾಯಕ್ಕೆ ಬರುವ ವಿಟಮಿನ್ ಸಿ ಅವಳ ರಾತ್ರಿಯ ತಟ್ಟೆಯಲ್ಲೇ ಇಲ್ಲ. ಇದಕ್ಕಿಂತ ದೊಡ್ಡ ನಷ್ಟ ಬೇರೆ. ಪ್ಯಾಕೆಟ್ಟಿನಿಂದಲೇ ಹೊಟ್ಟೆ ತುಂಬಿದರೆ ಸೊಪ್ಪು, ಕಾಳು, ಹಣ್ಣಿಗೆ ಜಾಗ ಎಲ್ಲಿ? ಬ್ರೆಜಿಲ್, ಅಮೆರಿಕದ ಆಹಾರ ಸಮೀಕ್ಷೆಗಳಲ್ಲೂ ಇಂಥ ತಿನಿಸಿನ ಪಾಲು ಏರಿದಂತೆ ಊಟದಲ್ಲಿ ಜಿಂಕ್, ಮೆಗ್ನೀಸಿಯಮ್ ಇಳಿದದ್ದು ಕಂಡಿದೆ.

ನೂಡಲ್ಸ್ ಬಿಡು ಅಂತ ನಾನು ಹೇಳಲಿಲ್ಲ. ಇದಕ್ಕೆ ಜೊತೆಯ ಕೆಲವರು ಬೈಯುತ್ತಾರೆ, ಬೈಯಲಿ. ಪಿಜಿಯ ನೀರು ಸಾಂಬಾರು ತಿನ್ನಲಾಗದೆ ಕೆಟಲ್ ಹಿಡಿದವಳಿಗೆ 'ಬಿಡು' ಅಂದರೆ, ಅವಳು ಬಿಡುವುದು ನನ್ನ ಹತ್ತಿರ ಬರುವುದನ್ನು, ಅಲ್ವಾ? ಸೇರಿಸುವುದನ್ನಷ್ಟೇ ಹೇಳಿದೆ. ಅದೇ ಕೆಟಲಿನಲ್ಲಿ ಮೊಟ್ಟೆ ಬೇಯಿಸು. ಹೆಸರುಕಾಳು ಮೊಳಕೆ ಬರಿಸಿ ನಿಂಬೆರಸ ಹಿಂಡು. ಬಿಸ್ಕತ್ತಿನ ಬದಲು ಹುರಿಗಡಲೆ, ಕಡಲೆಬೀಜ. ಸಂಜೆಗೊಂದು ಸೀಬೆಹಣ್ಣು. ಊಟಕ್ಕೂ ಟೀಗೂ ಒಂದು ಗಂಟೆಯಾದರೂ ಅಂತರ ಇರಲಿ. ಮಾತ್ರೆ ಮಾತ್ರ ನಿಲ್ಲಿಸಬೇಡ. ಇಷ್ಟು ಇಳಿದ ರಕ್ತವನ್ನು ಬರೀ ಊಟ ಬೇಗ ಮೇಲೆತ್ತುವುದಿಲ್ಲ.

ಆಮೇಲೆ ಅವಳ ಅಮ್ಮ ಫೋನ್ ಮಾಡಿದರು. ಹಾಲಿಗೆ ಯಾವ ಪೌಡರ್ ಹಾಕಲಿ ಅಂತ. ಅಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ 2024ರಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ರಾಗಿ ಹುರಿಹಿಟ್ಟು ಕಳಿಸಿ ಅಂದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮಜ್ಜಿಗೆಗೆ ಕಲಸಿದರೆ ಆಯಿತು, ಒಲೆಯೂ ಬೇಡ.

"ಅಜ್ಜಿ ಕಾಲದ್ದು ಅಂತ ನಗ್ತಾಳೆ ಮೇಡಂ" ಅಂದರು.

"ನಗಲಿ ಬಿಡಿ. ನೀವು ಡಬ್ಬಿ ಕಳಿಸಿ."