ಅಜ್ಜನ ಬಾಗಿಲು, ಬಾಡಿಗೆ ಸ್ಯಾಂಡರ್

ಪ್ರಶ್ನೆ: ಹಳೇ ಮನೆಯ ಸಾಗುವಾನಿ ಬಾಗಿಲಿಗೆ ಮೂರ್ನಾಲ್ಕು ಪದರ ಹಸಿರು ಬಣ್ಣವಿತ್ತು. ಬಾಡಿಗೆ ಸ್ಯಾಂಡರ್‌ನಿಂದ (ಉಜ್ಜುಕಾಗದ ಹಾಕಿ ತಿರುಗಿಸುವ ಮಷಿನ್) ಉಜ್ಜಿದರೆ ಬಣ್ಣ ಕರಗಿ ಕಾಗದಕ್ಕೇ ಮೆತ್ತಿತು. ಬಣ್ಣ ಹೋದ ಕಡೆ ಸುರುಳಿ ಗೆರೆ ಬಿದ್ದಿವೆ. ಏನು ಮಾಡಲಿ?
– ಓದುಗರು, ಆಳಂದ

ಉತ್ತರ: ಮೊದಲು ಮಷಿನ್ ಬದಿಗಿಡ್ರಿ. ಹಳೇ ಬಣ್ಣದಾಗ ಸೀಸ ಇರಬಹುದು. ಬಣ್ಣದಾಗ ಸೀಸ 90 ಪಿಪಿಎಂ (ಹತ್ತು ಲಕ್ಷದಾಗ 90 ಪಾಲು) ಮೀರಬಾರದು ಅನ್ನೋ ಮಿತಿ ನಮ್ಮ ದೇಶದಾಗ ಜಾರಿಗೆ ಬಂದದ್ದೇ 2017ರಲ್ಲಿ. ಆ ಧೂಳು ಮಕ್ಕಳಿಗೆ ವಿಷ. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಉಬ್ಬಿದ ಮೇಲೆ ಕೆರೆಯೋ ಪಟ್ಟಿಯಿಂದ (ಸ್ಕ್ರೇಪರ್) ಕೆರೀರಿ. ಅಂಗಳದಾಗ, ಗ್ಲೌಸ್ ಹಾಕ್ಕೊಂಡು. ತೊಳೆದು ಪೂರಾ ಒಣಗಲಿ.

ಆಮೇಲೆ ಎನ್95 ಮಾಸ್ಕ್ ಕಟ್ಟಿ 80, 120, 180 ನಂಬರ್ ಉಜ್ಜುಕಾಗದ (ನಂಬರ್ ಏರಿದಂಗ ನುಣುಪು), ಇದೇ ಕ್ರಮ. ನಡುವಿನದನ್ನು ಬಿಟ್ಟರೆ 80ರ ಗೆರೆ ಹೋಗಂಗಿಲ್ಲ. ಮಷಿನ್ ಒತ್ತಬ್ಯಾಡ್ರಿ, ಅದರ ಭಾರವೇ ಸಾಕು. ಒತ್ತಿದರ ತಿರುಗೋದು ನಿಧಾನ ಆಗಿ ಸುರುಳಿ ಬೀಳ್ತಾವ. ಕಲಬುರಗಿಯ ನಮ್ಮ ಮನೆ ತೂಗುಮಂಚಕ್ಕೆ ನಾನೂ ಹಂಗೇ ಮಾಡಿದ್ದೆ. ಪಾಲಿಶ್ ಹೊಡೆದ ಮೇಲೇ ಗೆರೆ ಎದ್ದು ಕಂಡು, ಮತ್ತೆ ಮೊದಲಿಂದ! ಈಗ ಪಾಲಿಶ್‌ಗೆ ಮುಂಚೆ ಟಾರ್ಚ್ ಅಡ್ಡ ಹಿಡಿದು ನೋಡ್ತೀನಿ.

ಕೆತ್ತನೆಗೆ ಮಾತ್ರ ಮಷಿನ್ ತಾಕಿಸಬ್ಯಾಡ್ರಿ. ಕೈಯಿಂದಲೇ, ಮರದ ಎಳೆ ಹೋದ ದಿಕ್ಕಿಗೆ ಉಜ್ಜಿರಿ. ಧೂಳು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ.