ಪಕ್ಕದ ಕುರ್ಚಿಯ ಮೇಲಿನ ಬ್ಯಾಗ್

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಇನ್ನೊಂದನ್ನು ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ.

ಬರೆದವರಿಗೆ 42 ವರ್ಷ. ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕರೆದುಕೊಂಡು ಹೋಗುವುದು, ನಾಲ್ಕು ಗಂಟೆ ಹೊರಗೆ ಕೂತು ಕಾಯುವುದು, ಸುಸ್ತಾದ ಅಪ್ಪನನ್ನು ಮನೆಗೆ ಕರೆತರುವುದು, ಎಲ್ಲ ಇವರೇ. ಒಂದು ದಿನ ಕೈಯಲ್ಲಿದ್ದ ಫೈಲ್ ಜಾರಿ ಹಾಳೆಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಅಷ್ಟಕ್ಕೇ ಅಳು ಬಂದುಬಿಟ್ಟಿತಂತೆ. ಅಲ್ಲೇ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಹಾಳೆಗಳನ್ನು ಆರಿಸಿ, ತಾರೀಖಿನ ಪ್ರಕಾರ ಜೋಡಿಸಿ ಕೊಟ್ಟರು. ಪಕ್ಕದ ಕುರ್ಚಿಯಲ್ಲಿದ್ದ ತಮ್ಮ ಬ್ಯಾಗ್ ತೆಗೆದು, "ಕೂತ್ಕೋಮ್ಮಾ" ಅಂದರು. ಅರ್ಧ ಗಂಟೆ ಮಾತು. ಹೋಗುವಾಗ ಮಂಡಿ ಮೇಲೆ ಎರಡು ಸಲ ತಟ್ಟಿ ಎದ್ದರು. ಹೆಸರು ಕೇಳಿಲ್ಲ, ನಂಬರ್ ಇಲ್ಲ. "ಮೂರು ದಿನ ಮೈಯೆಲ್ಲ ಹಗುರ ಅನ್ನಿಸಿತು" ಎಂದು ಬರೆದಿದ್ದಾರೆ.

ಮನೆಯಲ್ಲಿ ಹೇಳಿದರೆ ಗಂಡ, "ಗುರುತು ಪರಿಚಯ ಇಲ್ಲದವರ ಹತ್ರ ಮನೆ ವಿಷಯ ಯಾಕೆ?" ಅಂದರಂತೆ. ಈಗ ಇವರಿಗೆ ಮೂರು ಚಿಂತೆ. ತಪ್ಪು ಮಾಡಿದೆನಾ? ಅವರಿಗೆ ನನ್ನಿಂದ ತಲೆನೋವಾಯಿತಾ? ಅವರನ್ನು ಹುಡುಕುವುದು ಹೇಗೆ?

ಗಂಡನ ಮೇಲೆ ನನಗೆ ಕೋಪವಿಲ್ಲ. ಪಾಪ, ತನಗೆ ಹೇಳದ್ದನ್ನು ಇನ್ಯಾರಿಗೋ ಹೇಳಿದಳಲ್ಲ ಎಂದು ಸ್ವಲ್ಪ ಚುರುಕ್ ಅಂದಿದೆ, ಅಷ್ಟೇ. ನನ್ನ ಕೋಪವೆಲ್ಲ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಅಣ್ಣನ ಮೇಲೆ. ಬೇರೆ ಊರಿನಲ್ಲಿದ್ದಾನೆ, "ಏನಾದ್ರೂ ಬೇಕಿದ್ರೆ ಹೇಳು" ಎಂದು ಫೋನ್ ಮಾಡುತ್ತಾನೆ. ಈ ಮಾತಿನ ಬಗ್ಗೆ ನಾನು ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಏನು ಬೇಕು ಎಂದು ಯೋಚಿಸುವ ಕೆಲಸವನ್ನೂ ಸುಸ್ತಾದವರ ತಲೆಗೇ ಕಟ್ಟುವ ಮಾತು ಅದು. ಆ ಹೆಂಗಸು "ಹಾಳೆ ಎತ್ತಿಕೊಡಲಾ?" ಎಂದು ಕೇಳಿದರಾ? ಸುಮ್ನೆ ಬಗ್ಗಿ ಎತ್ತಿದರು.

ಅದೂ ತಾರೀಖಿನ ಪ್ರಕಾರ! ಹಾಗೆ ಜೋಡಿಸಬೇಕೆಂದು ಯಾರಿಗೆ ಹೊಳೆಯುತ್ತದೆ ಹೇಳಿ? ಡಾಕ್ಟರ ಎದುರು ನಿಂತು ಹಳೆಯ ರಿಪೋರ್ಟ್‌ಗಾಗಿ ತಡಕಾಡಿದವರಿಗೆ ಮಾತ್ರ. ಅವರೂ ಯಾರದೋ ಫೈಲ್ ಹಿಡಿದು ಓಡಾಡಿದವರೇ ಇರಬೇಕು.

ತಪ್ಪು ಮಾಡಿದೆನಾ ಎಂದು ಕೇಳಿದ್ದೀರಿ. ಇಲ್ಲ. ಹತ್ತಿರದವರಿಂದ ಮುಚ್ಚಿಟ್ಟದ್ದನ್ನು ಜನ ಹೊರಗಿನವರ ಮುಂದೆ ಬಿಚ್ಚಿಡುತ್ತಾರೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಜಿಮ್ಮೆಲ್ 1908ರಲ್ಲೇ ಬರೆದಿದ್ದರು. ಮನೆಯಲ್ಲಿ "ಸಾಕಾಗಿದೆ" ಅಂದರೆ ಅಪ್ಪನಿಗೆ ನೋವು, ಗಂಡನಿಗೆ ಗಾಬರಿ. ಆ ಹೆಂಗಸಿಗೆ ಅಂದರೆ ಅದು ಬರೀ ಸಾಕಾಗಿರುವುದು. ಕೇಳಿಸಿಕೊಂಡು ಎದ್ದು ಹೋಗುತ್ತಾರೆ. ನಾಳೆ ಅದನ್ನೇ ಹಿಡಿದು ನಿಮ್ಮನ್ನು ಅಳೆಯುವುದಿಲ್ಲ.

ತಲೆನೋವಿನ ವಿಷಯ. ಮೊದಲ ಸಲ ಮಾತಾಡಿದ ಇಬ್ಬರೂ ಸಾಮಾನ್ಯವಾಗಿ, ಎದುರಿನವರಿಗೆ ತಾವು ಇಷ್ಟವಾಗಿದ್ದಕ್ಕಿಂತ ಕಡಿಮೆಯೇ ಇಷ್ಟವಾದೆವು ಎಂದುಕೊಳ್ಳುತ್ತಾರೆ. 2018ರಲ್ಲಿ ಪ್ರಕಟವಾದ ಮನಶ್ಶಾಸ್ತ್ರದ ಒಂದು ಅಧ್ಯಯನದಲ್ಲಿ ಇದು ಕಂಡುಬಂತು. ಅದಕ್ಕೂ ಮೊದಲು, 2014ರಲ್ಲಿ, ಮನಶ್ಶಾಸ್ತ್ರಜ್ಞರಾದ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. ಶಿಕಾಗೋ ಕಡೆಯ ರೈಲಿನಲ್ಲಿ ಕೆಲವರಿಗೆ ಪಕ್ಕದವರ ಜೊತೆ ಮಾತಾಡಿ ಅಂದರು, ಕೆಲವರಿಗೆ ಒಬ್ಬರೇ ಕೂರಿ ಅಂದರು. ಮಾತಾಡಿದವರ ಪ್ರಯಾಣವೇ ಹಿತವಾಗಿತ್ತು. ತಮಾಷೆ ಅಂದರೆ, ಸುಮ್ಮನೆ ಊಹಿಸಿ ಎಂದು ಕೇಳಿದವರು ಇದಕ್ಕೆ ತದ್ವಿರುದ್ಧ ಹೇಳಿದ್ದರು. ಹಾಗಾಗಿ ನಿಮ್ಮ ಊಹೆಯನ್ನು ಜಾಸ್ತಿ ನಂಬಬೇಡಿ. ಅವರಿಗೂ ಅವತ್ತು ಹೊತ್ತು ಹೋಗಬೇಕಿತ್ತು ಅಲ್ವಾ?

ಇನ್ನು ಹುಡುಕುವ ಮಾತು. ಕೊನೆಯ ಪುಟದಲ್ಲಿ ನೀವೊಂದು ಸಾಲು ಬರೆದಿದ್ದೀರಿ, ಲೆಕ್ಕಕ್ಕೇ ಇಲ್ಲ ಎನ್ನುವಂತೆ: "ಅವತ್ತಿನಿಂದ ಪಕ್ಕದ ಕುರ್ಚಿಯ ಮೇಲೆ ಬ್ಯಾಗ್ ಇಟ್ಟಿರುತ್ತೇನೆ, ಅವರು ಬಂದರೆ ಜಾಗ ಇರಲಿ ಅಂತ."

ನನ್ನನ್ನು ಬರೆಯಲು ಕೂರಿಸಿದ್ದು ಈ ಸಾಲು. ಆರು ವಾರ ಆಯಿತು ಅಂದಿದ್ದೀರಿ. ವಾರಕ್ಕೆ ಮೂರರಂತೆ 18 ಸಲ. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಅಷ್ಟು ಹೊತ್ತಿನಲ್ಲಿ ಎಷ್ಟು ಜನ ಫೈಲ್ ಅವುಚಿಕೊಂಡು ಬಂದು, ನಿಮ್ಮ ಬ್ಯಾಗ್ ನೋಡಿ, ಮುಂದಿನ ಸಾಲಿಗೆ ಹೋದರೋ? ಯಾರಾದರೂ "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿರಲೂಬಹುದು. "ಬರ್ತಾರೆ" ಅಂದಿರಬೇಕು ನೀವು. ಆ ಹೆಂಗಸು ಬ್ಯಾಗ್ ತೆಗೆದಿದ್ದಕ್ಕೆ ನಿಮಗೆ ಮೂರು ದಿನ ಹಗುರಾಯಿತು. ನೀವು ಅದೇ ಜಾಗಕ್ಕೆ ಬ್ಯಾಗ್ ಇಟ್ಟು ಕೂತಿದ್ದೀರಿ. ಬೈಯುತ್ತಿಲ್ಲ. ಅಷ್ಟು ಒಂಟಿಯಾಗಿದ್ದವರು ಸಿಕ್ಕಿದ್ದನ್ನು ಹಿಡಿದಿಟ್ಟುಕೊಳ್ಳಲು ನೋಡುವುದು ಸಹಜವೇ.

ಅವರನ್ನು ಹುಡುಕಬೇಡಿ. ರಿಸೆಪ್ಶನ್‌ನಲ್ಲಿ ವಿಚಾರಿಸುವುದೂ ಬೇಡ. ಮುಂದಿನ ಸಲ ಹೋದಾಗ ಬ್ಯಾಗನ್ನು ಕಾಲ ಬಳಿ ಇಟ್ಟುಕೊಳ್ಳಿ. ನನ್ನಿಂದ ಇಷ್ಟೇ. ಮಾತು ಶುರು ಮಾಡುವುದು ಹೇಗೆ ಎಂದು ಮತ್ತೆ ಪತ್ರ ಬರೆಯಬೇಡಿ, ಯಾರದ್ದಾದರೂ ಫೈಲ್ ಜಾರಿಯೇ ಜಾರುತ್ತದೆ.

ಅಣ್ಣನಿಗೆ ಫೋನ್ ಮಾಡುವುದನ್ನು ಆಮೇಲೆ ನೋಡೋಣ.